ಕೊಳ್ಳದೆ ಹೋದವರೂ ಗಿರಾಕಿಗಳೇ

ಅಳಿಯಾ, ನೀನು ಕಳಿಸಿದ ಮಾರ್ಕೆಟಿಂಗ್ ಪ್ಲಾನನ್ನು ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದೆ. ಬಣ್ಣಬಣ್ಣದ ಚಿತ್ರಗಳಿವೆ, ಬಾಣದ ಗುರುತುಗಳಿವೆ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಒಂದು ಆಲಿಕೆಯೂ ಇದೆ. ಆ ಆಲಿಕೆಗೆ ದಾವಣಗೆರೆಯ ಜನರನ್ನೆಲ್ಲ ಸುರಿದರೆ ಕೆಳಗಿನಿಂದ ಗಿರಾಕಿಗಳು ಉದುರುತ್ತಾರೆ ಎಂದು ನಿಮ್ಮ ಎಂಬಿಎ ಮೇಷ್ಟ್ರು ಹೇಳಿಕೊಟ್ಟಿರಬೇಕು. ಹಂಗಿಸುತ್ತಿದ್ದೇನೆ ಅಂದುಕೊಳ್ಳಬೇಡ. ಓದಿದ ಹುಡುಗರು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಅಂಗಡಿಗೆ ಲಾಭವೇ. ಯಾವ ಮಾಲು ಎಷ್ಟು ತಿಂಗಳಿಂದ ಕಪಾಟಿನಲ್ಲಿ ಕೂತಿದೆ ಎಂಬುದನ್ನು ನಮ್ಮ ಕಾಲದವರು ಅಂದಾಜಿನಲ್ಲಿ ಹೇಳುತ್ತಿದ್ದೆವು, ನೀನು ಕಂಪ್ಯೂಟರ್ ನೋಡಿ ಹೇಳುತ್ತೀಯ. ಅದು ಮುಂದುವರಿಯಲಿ.

ಆದರೆ ಎಷ್ಟು ಹುಡುಕಿದರೂ ಆ ಪ್ಲಾನಿನಲ್ಲಿ ಇಬ್ಬರು ಸಿಗಲಿಲ್ಲ. ಒಬ್ಬರು, ಒಳಗೆ ಬಂದು ಅರ್ಧ ಗಂಟೆ ಸೀರೆ ಬಿಚ್ಚಿಸಿ ನೋಡಿ, ಏನೂ ಕೊಳ್ಳದೆ ಎದ್ದು ಹೋದವರು. ಇನ್ನೊಬ್ಬರು, ಕೊಂಡುಹೋದ ಸೀರೆಯನ್ನು ಅದೇ ಕವರಿನಲ್ಲಿ ಸುತ್ತಿಕೊಂಡು, ಮುಖ ಬಿಗಿದುಕೊಂಡು ವಾಪಸ್ ಬಂದವರು. ದುಡ್ಡು ಎಣಿಸಿ ಕೊಡುವವರ ಹತ್ತಿರ ನಗುನಗುತ್ತಾ ಮಾತಾಡಲು ಯಾರಿಗಾದರೂ ಬರುತ್ತದೆ, ಅದಕ್ಕೆ ಕಿವಿಮಾತು ಬೇಕಿಲ್ಲ. ಈ ಇಬ್ಬರನ್ನು ಹೇಗೆ ಕಳಿಸಿಕೊಡುತ್ತೀಯ ಎಂಬುದರ ಮೇಲೆ ಜವಳಿ ಅಂಗಡಿ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಓದು.

ಮೊದಲು, ಕೊಳ್ಳದೆ ಹೋದವರ ಮಾತು. ಮದುವೆ ಜವಳಿ ತೆಗೆಯಲು ದಾವಣಗೆರೆಗೆ ಬರುವವರು ಒಬ್ಬಿಬ್ಬರಾಗಿ ಬರುವುದಿಲ್ಲ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಒಂದು ಕ್ರೂಸರ್ ಮಾಡಿಕೊಂಡು ಎಂಟು ಹತ್ತು ಜನ ಒಟ್ಟಿಗೆ ಇಳಿಯುತ್ತಾರೆ. ಧಾರೆ ಸೀರೆಯಿಂದ ಹಿಡಿದು ಬೀಗರ ಉಡುಗೊರೆ, ಅಜ್ಜಿಯರ ಸೀರೆ, ಗಂಡಸರಿಗೆ ಪಂಚೆ ಶಲ್ಯ, ಮುಯ್ಯಿ ಮಾಡುವವರಿಗೆ ವಾಪಸ್ ಕೊಡುವ ಕುಬಸದ ಖಣದವರೆಗೆ ಎಲ್ಲ ಒಂದೇ ದಿನ ಆಗಬೇಕು. ಹಾಗೆಂದು ಮೊದಲು ಹೊಕ್ಕ ಅಂಗಡಿಯಲ್ಲೇ ಗಂಟು ಕಟ್ಟಿಸುವವರು ಕಡಿಮೆ. ಮೂರು ಅಂಗಡಿಯಾದರೂ ಸುತ್ತುತ್ತಾರೆ. ಸುತ್ತಬೇಕು, ಅವರ ಜೀವಮಾನದ ಖರ್ಚು ಅದು.

ಅಂಥವರು ಬಂದಾಗ ನಿನ್ನ ಹುಡುಗರು ಏನು ಮಾಡುತ್ತಾರೆ ಎಂದು ಕಳೆದ ತಿಂಗಳು ಮೂಲೆಯಲ್ಲಿ ಕೂತು ನೋಡಿದೆ. ಮದುಮಗಳ ಮುಂದೆ ಸೀರೆ ಹರಡುತ್ತಾರೆ, ಜೇಬಿನಲ್ಲಿ ದುಡ್ಡಿರುವ ಅಣ್ಣನ ಮುಖ ನೋಡಿ ಬೆಲೆ ಹೇಳುತ್ತಾರೆ. ಗೋಡೆಗೆ ಒರಗಿ ಕೂತ ಹಿರಿಯ ಹೆಂಗಸಿಗೆ ಯಾರೂ ನೀರು ಕೂಡ ಕೊಡಲಿಲ್ಲ. ಮದುವೆ ಜವಳಿಯ ತೀರ್ಮಾನ ಬಹಳ ಮನೆಗಳಲ್ಲಿ ಆಕೆಯದೇ. ಆಕೆ ಬಾಯಿ ಬಿಡುವುದಿಲ್ಲ. ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಒಮ್ಮೆ ಉಜ್ಜುತ್ತಾಳೆ, ಕೈ ಬಿಡುತ್ತಾಳೆ, ಅಷ್ಟೇ. ಹಾಗೆ ಕೈ ಬಿಟ್ಟ ಸೀರೆಯನ್ನು ನಿನ್ನ ಹುಡುಗ ಇನ್ನೂ ಕಾಲು ಗಂಟೆ ಹೊಗಳುತ್ತಿದ್ದ. ಮೊದಲ ಲೋಟ ನೀರು ಆಕೆಗೆ ಹೋಗಲಿ. ಮೊದಲ ಸೀರೆಯ ಸೆರಗೂ ಆಕೆಯ ಕೈಗೇ ಹೋಗಲಿ.

ಆಮೇಲೆ ಅವರು ಎದ್ದು ನಿಂತು ‘ನೋಡ್ಕೊಂಡು ಬರ್ತೀವಿ’ ಅನ್ನುತ್ತಾರೆ. ಈ ಮಾತಿನ ಅರ್ಥ ಅಂಗಡಿಯವರಿಗೆ ಗೊತ್ತು, ಆಡಿದವರಿಗೂ ಗೊತ್ತು. ಆ ಹೊತ್ತಿನಲ್ಲಿ ಹುಡುಗರ ಮುಖ ಇಳಿಯುತ್ತದೆ. ಬಿಚ್ಚಿದ ಸೀರೆಗಳನ್ನು ಪಟಪಟನೆ ಬಡಿದು ಮಡಚುವ ಸದ್ದು ಮೆಟ್ಟಿಲಿಳಿಯುವವರ ಕಿವಿಗೆ ಬೀಳುತ್ತದೆ. ಒಬ್ಬ ಇನ್ನೊಬ್ಬನಿಗೆ ಏನೋ ಅಂದು ನಗುತ್ತಾನೆ. ಮುಗಿಯಿತು. ಹೋದವರು ನಾಲ್ಕು ಅಂಗಡಿ ತಿರುಗಿ, ನಿನ್ನಲ್ಲಿ ನೋಡಿದ ಸೀರೆಯೇ ಚೆನ್ನಾಗಿತ್ತು ಅನ್ನಿಸಿದರೂ ವಾಪಸ್ ಬರುವುದಿಲ್ಲ. ಬೇಡ ಅಂದು ಎದ್ದುಹೋದ ಅಂಗಡಿಗೆ ಮತ್ತೆ ಬರಲು ಮೊದಲೇ ಸಂಕೋಚ ಇರುತ್ತದೆ, ಆ ಸಂಕೋಚಕ್ಕೆ ನಿನ್ನ ಹುಡುಗರು ಅವಮಾನವನ್ನೂ ಸೇರಿಸಿ ಕಳಿಸಿರುತ್ತಾರೆ.

ಇದಕ್ಕೆ ಖರ್ಚಿಲ್ಲದ ಉಪಾಯ ಒಂದಿದೆ. ಅವರು ಏಳುವಾಗ, ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿದ್ದ ಸೀರೆ ಯಾವುದು ಎಂದು ನೋಡಿಕೊಂಡಿರು. ಅದರ ನಂಬರು, ಬೆಲೆ ಎರಡನ್ನೂ ಅಂಗಡಿಯ ಕಾರ್ಡಿನ ಹಿಂದೆ ಬರೆದು ಆ ಹಿರಿಯ ಹೆಂಗಸಿನ ಕೈಗೆ ಕೊಡು. ‘ನಾಲ್ಕು ಕಡೆ ನೋಡಿ ಬನ್ನಿ ಅಮ್ಮ, ಇದನ್ನ ಸಂಜೆ ತನಕ ತೆಗೆದಿಟ್ಟಿರ್ತೀವಿ’ ಅನ್ನು. ಬರೆದ ಬೆಲೆಯಿಂದ ಒಂದು ರೂಪಾಯಿ ಏರಿಸಬೇಡ. ಕಾರ್ಡು ಕೈಯಲ್ಲಿದ್ದರೆ ವಾಪಸ್ ಬರಲು ಒಂದು ನೆಪ ಸಿಕ್ಕಂತೆ. ಬಿಚ್ಚಿದ ಸೀರೆಗಳನ್ನು ಮಡಚುವ ಕೆಲಸ ಅವರು ರಸ್ತೆ ತಿರುವು ದಾಟಿದ ಮೇಲೆ ಶುರುವಾಗಲಿ.

ಬೋಣಿಯ ನಂಬಿಕೆ ಈ ವಿಷಯದಲ್ಲಿ ಬಹಳ ಕೆಡುಕು ಮಾಡುತ್ತದೆ. ಬೆಳಿಗ್ಗೆ ಮೊದಲು ಬಂದವರು ಬರಿಗೈಯಲ್ಲಿ ಹೋದರೆ ದಿನವೆಲ್ಲ ವ್ಯಾಪಾರ ಆಗುವುದಿಲ್ಲ ಎಂದುಕೊಂಡು ಅವರ ಮೇಲೆ ಸಿಡುಕುವ ಅಂಗಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಗಲ್ಲಾಕ್ಕೆ ಊದುಬತ್ತಿ ಬೆಳಗು, ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಯಾರೋ ಹೆಣ್ಣುಮಗಳು ಒಂದು ಫಾಲ್ ಬಣ್ಣ ಹೊಂದಿಸಲು ಬಂದು ಸಿಗದೆ ಹೋದರೆ ಅದನ್ನು ಅಪಶಕುನ ಮಾಡಿಕೊಳ್ಳಬೇಡ. ಆ ಬಣ್ಣ ಎದುರು ಸಾಲಿನ ಅಂಗಡಿಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಬಾಯಿಬಿಟ್ಟು ಹೇಳು. ಹತ್ತಿಪ್ಪತ್ತು ರೂಪಾಯಿಯ ಫಾಲ್ ಎದುರಿನವನಿಗೆ ಹೋಯಿತು, ಮುಂದಿನ ಸೀರೆಗೆ ಆಕೆ ಕೇಳಿಕೊಂಡು ಬರುವುದು ನಿನ್ನನ್ನು.

ಇನ್ನು ಎರಡನೆಯವರು, ಕವರು ಹಿಡಿದು ವಾಪಸ್ ಬಂದವರು. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳಬೇಕು. ನಿನ್ನ ಬಿಲ್ ಪುಸ್ತಕದ ಕೆಳಗೆ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಬಣ್ಣಕ್ಕೆ ಗ್ಯಾರಂಟಿ ಇಲ್ಲ’ ಎಂದು ಅಚ್ಚು ಹಾಕಿಸಿದ್ದೀಯ. ಪೇಟೆಯಲ್ಲಿ ಎಲ್ಲರೂ ಹಾಕಿಸುತ್ತಾರೆ, ಪ್ರಿಂಟರಿನವನೇ ಕೇಳದೆ ಹಾಕಿಕೊಡುತ್ತಾನೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿರುವುದು, ಬೇರೆಯೇ ಹೇಳುತ್ತದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಬಿಲ್ಲಿನ ಕೆಳಗಿನ ಆ ಸಾಲು ನಿನ್ನನ್ನು ಕೋರ್ಟಿನಲ್ಲಿ ಕಾಯುವುದಿಲ್ಲ, ಅಂಗಡಿಗೆ ಬಂದವರ ಕಣ್ಣಿಗೆ ಮಾತ್ರ ಚುಚ್ಚುತ್ತದೆ. ಹೊಸ ಬಿಲ್ ಪುಸ್ತಕ ಮಾಡಿಸುವಾಗ ತೆಗೆಸಿಬಿಡು. ‘ನೇಯ್ಗೆ, ಬಣ್ಣ, ಅಳತೆಯಲ್ಲಿ ದೋಷವಿದ್ದರೆ 30 ದಿನದೊಳಗೆ ಬಿಲ್ ಸಮೇತ ತನ್ನಿ’ ಎಂದು ಹಾಕಿಸು.

ವಾಪಸ್ ಬಂದವರು ಜಗಳಕ್ಕೆ ತಯಾರಾಗಿಯೇ ಬಂದಿರುತ್ತಾರೆ. ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡು ಬಂದಿರುತ್ತಾರೆ. ಅವರಿಗೆ ಮೊದಲು ಕೂರಲು ಹೇಳು. ಬಿಲ್ ಎಲ್ಲಿ ಎಂದು ಕೇಳುವ ಮೊದಲು ಬಟ್ಟೆ ನೋಡು. ‘ನೀವು ಹೇಗೆ ಒಗೆದಿರಿ’ ಎಂಬ ಪ್ರಶ್ನೆಯಂತೂ ನಿನ್ನ ಬಾಯಿಂದ ಮೊದಲ ಮಾತಾಗಿ ಬರಲೇಬಾರದು. ಅದನ್ನು ಕೇಳಿದ ಹೆಂಗಸಿಗೆ ನೀನು ಆಕೆಗೆ ಬಟ್ಟೆ ಒಗೆಯಲು ಬರುವುದಿಲ್ಲ ಅಂದಂತೆ ಕೇಳಿಸುತ್ತದೆ. ಬಣ್ಣ ಬಿಟ್ಟಿದೆಯಾ, ಬಿಟ್ಟಿದೆ ಅನ್ನು. ಜರಿ ಕಪ್ಪಾಗಿದೆಯಾ, ಆಗಿದೆ ಅನ್ನು. ಕಣ್ಣಿಗೆ ಕಾಣುವುದನ್ನು ಒಪ್ಪಿಕೊಂಡರೆ ಅವರ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಆಮೇಲೆ ಏನು ಮಾಡಬಹುದು ಎಂಬ ಮಾತು. ಬೇರೆ ಸೀರೆ ಕೊಡು, ಇಲ್ಲವೇ ದುಡ್ಡು ಕೊಡು, ಯಾವುದು ಬೇಕೆಂದು ಅವರೇ ಹೇಳಲಿ.

ಇದನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಗುಟ್ಟಾಗಿ ಮಾಡುವವರಿದ್ದಾರೆ, ಉಳಿದ ಗಿರಾಕಿಗಳು ನೋಡಿಬಿಟ್ಟರೆ ಎಂಬ ಹೆದರಿಕೆಗೆ. ನಾನು ಹೇಳುವುದು, ಅಂಗಡಿ ತುಂಬಿರುವಾಗಲೇ, ಗಾದಿಯ ಮೇಲೆ ಎಲ್ಲರ ಎದುರಿಗೇ ಮಾಡು. ಸೀರೆ ಆರಿಸುತ್ತಾ ಕೂತ ನಾಲ್ಕು ಜನ ಮಾತು ನಿಲ್ಲಿಸಿ ಕಿವಿ ಇತ್ತ ಕೊಡುತ್ತಾರೆ. ‘ಇಲ್ಲಿ ಕೆಟ್ಟರೆ ವಾಪಸ್ ತಗೋತಾರೆ’ ಎಂಬ ಸುದ್ದಿಯನ್ನು ಯಾವ ಹೋರ್ಡಿಂಗಿನಲ್ಲೂ ಇಷ್ಟು ಚೆನ್ನಾಗಿ ಬರೆಸಲಾರೆ.

ಮೋಸ ಮಾಡುವವರು ಬರುತ್ತಾರಲ್ಲ, ಮದುವೆಯಲ್ಲಿ ಉಟ್ಟು ತಂದು ಡ್ಯಾಮೇಜ್ ಅನ್ನುತ್ತಾರಲ್ಲ ಎಂದು ನೀನು ಕೇಳುತ್ತೀಯ. ಬರುತ್ತಾರೆ. ಬೆವರಿನ ಕಲೆ, ಪಿನ್ನಿನ ತೂತು ಗೊತ್ತಾಗುತ್ತದೆ, ಅಂಥವರಿಗೆ ಮೆಲುದನಿಯಲ್ಲೇ ಆಗುವುದಿಲ್ಲ ಅನ್ನು. ವರ್ಷಕ್ಕೆ ಅಂಥವರು ಎಷ್ಟು ಮಂದಿ? ಆ ಒಂದಿಷ್ಟು ಜನಕ್ಕೆ ಹೆದರಿ ಉಳಿದವರನ್ನೆಲ್ಲ ಕಳ್ಳರಂತೆ ನೋಡಿದರೆ ನಷ್ಟ ಯಾರಿಗೆ ಎಂದು ನಿನ್ನ ಕಂಪ್ಯೂಟರಿನಲ್ಲೇ ಲೆಕ್ಕ ಹಾಕು.

ವಾಪಸ್ ಬಂದ ಮಾಲಿನ ಒಳಗೆ ಇನ್ನೊಂದು ಲಾಭ ಅಡಗಿದೆ. ಯಾವ ಸಪ್ಲೈಯರ್, ಯಾವ ಲಾಟು, ಯಾವ ಬಣ್ಣ ಎಂದು ಅಂದೇ ಬರೆದಿಡು. ಒಂದೇ ಲಾಟಿನ ಕೆಂಪು ಎರಡು ಸಲ ಬಣ್ಣ ಬಿಟ್ಟಿತೆಂದರೆ ಉಳಿದ ಅಷ್ಟನ್ನೂ ಕಪಾಟಿನಿಂದ ಇಳಿಸು. ಸೂರತ್ತಿನ ಮಾಲಾಗಲಿ ಚಿಕ್ಕಪೇಟೆಯ ಮಾಲಾಗಲಿ, ತಡಮಾಡದೆ ತಿಳಿಸಿದರೆ ಹೋಲ್‌ಸೇಲಿನವರು ಡ್ಯಾಮೇಜ್ ವಾಪಸ್ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳದವನ ಹತ್ತಿರ ಮುಂದಿನ ಸಲ ಮಾಲು ಎತ್ತಬೇಡ. ಅಳತೆಯ ವಿಷಯವೂ ಅಷ್ಟೇ. ಸೀರೆ ಐದೂವರೆ ಮೀಟರ್, ಬ್ಲೌಸ್ ಪೀಸ್ ಸೇರಿದರೆ ಆರೂ ಕಾಲಿನ ಆಸುಪಾಸು ಇರಬೇಕು. ಅಗ್ಗದ ಮಾಲಿನಲ್ಲಿ ಕೆಲವು ಐದೂ ಕಾಲಿಗೇ ನಿಂತಿರುತ್ತವೆ. ಎತ್ತರದ, ಮೈಕೈ ತುಂಬಿಕೊಂಡ ಹೆಂಗಸು ಅದನ್ನುಟ್ಟರೆ ನೆರಿಗೆ ಬರುವುದಿಲ್ಲ, ಶಾಪ ಹಾಕುವುದು ನೇಯ್ದವನಿಗಲ್ಲ, ನಿನಗೆ. ಲಾಟು ಬಂದ ದಿನವೇ ಎರಡು ಮೂರನ್ನು ಬಿಚ್ಚಿ ಟೇಪು ಹಿಡಿ.

ಬೆಲೆಯ ಮಾತಿಗೆ ಬರೋಣ. ಚೌಕಾಸಿ ಇಲ್ಲದೆ ನಮ್ಮ ಕಡೆ ವ್ಯಾಪಾರವೇ ಇಲ್ಲ ಎಂದು ನಿನ್ನ ಅಪ್ಪ ಹೇಳುತ್ತಾನೆ. ಅವನ ಕಾಲಕ್ಕೆ ಅದು ಸರಿ. ಈಗ ಇಬ್ಬರು ಅಕ್ಕಪಕ್ಕದ ಮನೆಯವರು ಒಂದೇ ಸೀರೆಯನ್ನು ಬೇರೆ ಬೇರೆ ದಿನ ತೆಗೆದುಕೊಂಡು ಹೋದರೆ, ಫೋಟೊ ಅದೇ ಸಂಜೆ ಫೋನಿನಿಂದ ಫೋನಿಗೆ ಹಾರುತ್ತದೆ. ಒಬ್ಬಾಕೆಗೆ 1,850, ಇನ್ನೊಬ್ಬಾಕೆಗೆ 1,600 ಬಿದ್ದಿದ್ದರೆ ಏನಾಗುತ್ತದೆ? ಹೆಚ್ಚು ಕೊಟ್ಟವಳು ಮೋಸ ಹೋದೆ ಅಂದುಕೊಳ್ಳುತ್ತಾಳೆ. ಕಡಿಮೆ ಕೊಟ್ಟವಳಿಗಾದರೂ ಸಮಾಧಾನ ಇದೆಯಾ? ಇನ್ನಷ್ಟು ಜಗ್ಗಿದ್ದರೆ 1,400ಕ್ಕೆ ಬರುತ್ತಿತ್ತೇನೋ ಎಂದು ಆಕೆಯೂ ಕೊರಗುತ್ತಾಳೆ. 250 ರೂಪಾಯಿಗೆ ಇಬ್ಬರನ್ನೂ ಕಳೆದುಕೊಂಡೆ. ಆದ್ದರಿಂದ ಒಂದೇ ದರ ಇಡು, ಸೀರೆಗೆ ಅಂಟಿಸಿದ ಚೀಟಿಯಲ್ಲಿ ಎಲ್ಲರಿಗೂ ಓದಲು ಬರುವ ಅಂಕಿಯಲ್ಲಿ ಬರೆ. ಬೆಲೆಯನ್ನು ಗುಟ್ಟಿನ ಅಕ್ಷರಗಳಲ್ಲಿ ಬರೆಯುವ ಕೋಡ್ ಬೇಡ, ಜನಕ್ಕೆ ಅದೂ ಗೊತ್ತಾಗಿದೆ.

ಹಾಗಂತ ಚೌಕಾಸಿ ಮಾಡುವ ಹಿರಿಯರಿಗೆ ‘ಫಿಕ್ಸೆಡ್ ರೇಟ್’ ಎಂದು ಬೋರ್ಡು ತೋರಿಸಿ ಬಾಯಿ ಮುಚ್ಚಿಸಬೇಡ. ಅವರಿಗೆ ಮಾತಾಡಿ ಏನಾದರೂ ಗೆದ್ದೆ ಅನ್ನಿಸಬೇಕು. ಫಾಲ್ ಹೊಲಿಸಿಕೊಡು, ಕುಚ್ಚು ಕಟ್ಟಿಸಿಕೊಡು, ಮದುವೆ ಜವಳಿಯಾದರೆ ಅಜ್ಜಿಗೊಂದು ಕುಬಸದ ಖಣ ಇಡು. ದೊಡ್ಡ ಅಂಗಡಿಗಳು ಕವರಿಗೂ ದುಡ್ಡು ಕೇಳುತ್ತವೆ, ಅಂಗಡಿಯ ಹೆಸರು ಅಚ್ಚಾದ ಕವರಿಗೆ ದುಡ್ಡು ತೆಗೆದುಕೊಂಡವರಿಗೆ ಗ್ರಾಹಕ ಆಯೋಗಗಳು ಛೀಮಾರಿ ಹಾಕಿವೆ. ನೀನು ಬಟ್ಟೆಯ ಚೀಲ ಸುಮ್ಮನೆ ಕೊಡು. ಆ ಚೀಲ ವರ್ಷವಿಡೀ ಸಂತೆಗೆ ಹೋಗಿ ಬರುತ್ತದೆ.

ಮಾಲಿನ ನಿಜ ಹೇಳುವುದರಲ್ಲಿ ಜಿಪುಣತನ ಮಾಡಬೇಡ. ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ ನೋಡಿ ಬಂದವರು, ಇಲ್ಲಿ ತಮ್ಮ ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡುವಂತೆ ಮಾಡಿದರು. ಹೋಟೆಲಿನವರು ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲ ಅದು. ಜವಳಿಯವನಿಗೂ ತೆರೆದು ತೋರಿಸುವುದು ಬೇಕಾದಷ್ಟಿದೆ. ಅಪ್ಪಟ ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಂಚಿನ ಒಂದೆಳೆ ಕಿತ್ತು, ಬೆಂಕಿಕಡ್ಡಿ ಗೀರಿ ಗಿರಾಕಿಯ ಮುಂದೆಯೇ ತೋರಿಸು. ಅಸಲಿ ಜರಿಯಲ್ಲಿ ಬೆಳ್ಳಿ ಎಳೆಗೆ ಚಿನ್ನದ ಲೇಪವಿರುತ್ತದೆ, ಅಗ್ಗದ್ದರಲ್ಲಿ ತಾಮ್ರ ಅಥವಾ ಪ್ಲಾಸ್ಟಿಕ್ಕು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಅದನ್ನು ಬೆರಳಿಟ್ಟು ತೋರಿಸು. ಪವರ್‌ಲೂಮಿನದನ್ನು ಪವರ್‌ಲೂಮಿನದು ಎಂದೇ ಹೇಳಿ ಮಾರು. 900 ರೂಪಾಯಿಗೆ ಇಳಕಲ್ ಮಾದರಿ ಸಿಕ್ಕಿದರೆ ಸಾಕು ಅನ್ನುವವರು ಬೇಕಾದಷ್ಟಿದ್ದಾರೆ, ಅವರಿಗೆ ಸುಳ್ಳು ಹೇಳುವ ಅಗತ್ಯವೇ ಇಲ್ಲ. ‘ಸೆಮಿ ಸಿಲ್ಕ್’ ಎಂಬ ಮಾತಂತೂ ಈಗ ಪಾಲಿಯೆಸ್ಟರಿನ ಮುಸುಕಾಗಿಬಿಟ್ಟಿದೆ, ಅದನ್ನು ನಿನ್ನ ಹುಡುಗರ ಬಾಯಿಂದ ಬಿಡಿಸು.

ದುಬಾರಿ ರೇಷ್ಮೆ ಇಡುವುದಾದರೆ ಸಿಲ್ಕ್ ಮಾರ್ಕ್ ಇರುವುದನ್ನೇ ಇಡು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಬಂದಿರುವ ಗುರುತು ಅದು. ರಾಜ್ಯ ಸರ್ಕಾರದ ಕೆಎಸ್‌ಐಸಿಯವರು ಮೈಸೂರು ಸಿಲ್ಕ್ ಸೀರೆಗೆ ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ, ಹೊಲೊಗ್ರಾಮ್ ಹಾಕುತ್ತಾರೆ. ನಕಲಿಗಳ ನಡುವೆ ಆ ಸೀರೆಯ ಮಾನ ಉಳಿದಿರುವುದರಲ್ಲಿ ಅದಕ್ಕೂ ಪಾಲಿದೆ. ಇನ್ನೊಂದು ಸಣ್ಣ ವಿಷಯ. ನಿನ್ನ ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ಗಿಳಿಹಸಿರು ಎಂದು ಕಂಡದ್ದು ಮನೆಗೆ ಹೋದರೆ ಬೇರೆ ಹಸಿರಾಗಿರುತ್ತದೆ. ಆರಿಸಿದ ಸೀರೆಯನ್ನು ಬಿಲ್ ಹಾಕುವ ಮೊದಲು ಬಾಗಿಲಿಗೆ ತಂದು ಬಿಸಿಲಿನಲ್ಲಿ ಹಿಡಿದು ತೋರಿಸು. ಒಂದಿಬ್ಬರು ಮನಸ್ಸು ಬದಲಿಸಿಯಾರು. ಬದಲಿಸಲಿ, ಇಲ್ಲೇ ಬದಲಿಸುವುದು ಒಳ್ಳೆಯದು.

ಆಷಾಢದ ಸೇಲಿಗೆ ನೀನು ಮಾಡಿರುವ ಯೋಚನೆ ನನಗೆ ಹಿಡಿಸಲಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಅಂಗಡಿ ಭಣಗುಡುತ್ತದೆ, ಆದ್ದರಿಂದ ರಿಯಾಯಿತಿ ಕೊಡುವುದು ನಮ್ಮ ಜವಳಿ ಪೇಟೆಯ ರೂಢಿ. ಶ್ರಾವಣದ ಹಬ್ಬಗಳಿಗೆ, ವರಮಹಾಲಕ್ಷ್ಮಿ ವ್ರತಕ್ಕೆ ಹೊಸ ಮಾಲು ಇಡಲು ಕಪಾಟೂ ಖಾಲಿಯಾಗಬೇಕು. ಅಲ್ಲಿಯವರೆಗೆ ಸರಿ. 1,200ರ ಸೀರೆಗೆ 2,400ರ ಚೀಟಿ ಅಂಟಿಸಿ ‘ಶೇ 50 ರಿಯಾಯಿತಿ’ ಎಂದು ಬರೆದರೆ, ಹೋದ ತಿಂಗಳು ಅದೇ ಸೀರೆಯನ್ನು 1,200ಕ್ಕೆ ಕೊಂಡವಳು ಬಾಗಿಲಲ್ಲೇ ನಗುತ್ತಾಳೆ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಆ ನಗುವೇ ದೊಡ್ಡ ದಂಡ. ಯಾವುದು ಯಾಕೆ ಅಗ್ಗ ಎಂದು ನಿಜವನ್ನೇ ಬರೆದು ಮಾರು: ಮಡಿಕೆಯಲ್ಲಿ ಬಣ್ಣ ಮಾಸಿದೆ, ಹಳೆಯ ಡಿಸೈನು, ಬ್ಲೌಸ್ ಪೀಸ್ ಇಲ್ಲ. ಅಂಥ ಸೀರೆಯನ್ನು ಗದ್ದೆ ಕೆಲಸಕ್ಕೆ, ದಿನಬಳಕೆಗೆ ಹುಡುಕಿಕೊಂಡು ಬರುವವರಿದ್ದಾರೆ.

ಈ ಊರಿನ ಕೈಗೆ ದುಡ್ಡು ಯಾವಾಗ ಬರುತ್ತದೆ ಎಂಬುದು ಕ್ಯಾಲೆಂಡರಿನ ಹಬ್ಬಕ್ಕಿಂತ ಮುಖ್ಯ. ಮೆಕ್ಕೆಜೋಳ ಒಕ್ಕಣೆಯಾಗಿ ಎಪಿಎಂಸಿಗೆ ಹೋದ ಮೇಲೆ, ಭದ್ರಾ ನಾಲೆಯ ಭತ್ತ ಮಾರಿದ ಮೇಲೆ, ಚನ್ನಗಿರಿ ಕಡೆ ಅಡಿಕೆ ದುಡ್ಡು ಕೈಸೇರಿದ ಮೇಲೆ ಜವಳಿಗೆ ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ದುಬಾರಿ ರೇಷ್ಮೆ ತುಂಬಿಕೊಂಡು ಕೂರಬೇಡ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಲೆಕ್ಕವೇ ಬೇರೆ, ಆಗ ಮಕ್ಕಳ ಬಟ್ಟೆ ಎಷ್ಟಿದ್ದರೂ ಸಾಲದು. ನಿನ್ನ ಪ್ಲಾನಿನಲ್ಲಿ ವ್ಯಾಲೆಂಟೈನ್ ದಿನ ಇತ್ತು, ಮೆಕ್ಕೆಜೋಳ ಇರಲಿಲ್ಲ.

ರೀಲ್ಸ್ ಮಾಡು. ನಿನ್ನ ಹೆಂಡತಿ ಸೀರೆ ಉಟ್ಟು ತೋರಿಸುವ ವೀಡಿಯೊಗಳು ಚೆನ್ನಾಗಿವೆ, ಅತ್ತೆಯೂ ನೋಡಿ ಖುಷಿಪಟ್ಟಳು. ಆದರೆ ಕೆಳಗೆ ಬೆಲೆ ಕೇಳಿದವರಿಗೆಲ್ಲ ‘ಇನ್‌ಬಾಕ್ಸ್ ನೋಡಿ’ ಎಂದು ಉತ್ತರ ಹಾಕುತ್ತೀಯಲ್ಲ, ಅದು ಏಕೆ? ಅಂಗಡಿಯಲ್ಲಿ ಬೆಲೆ ಕೇಳಿದವರನ್ನು ಹಿತ್ತಲಿಗೆ ಕರೆದಂತೆ ಅದು. ಬೆಲೆ ಅಲ್ಲೇ ಬರೆ. ಮಾಲು ಮುಗಿದಿದ್ದರೆ ಮುಗಿದಿದೆ ಎಂದು ಅಂದೇ ಹಾಕು. ಮಾಯಕೊಂಡದಿಂದ ಬಸ್ಸು ಹಿಡಿದು ಬಂದವಳಿಗೆ ‘ಅದೊಂದು ಬಿಟ್ಟು ಬೇರೆ ಎಲ್ಲಾ ಇದೆ’ ಅಂದರೆ ಆಕೆ ಇನ್ನು ನಿನ್ನ ವೀಡಿಯೊ ನೋಡುವುದಿಲ್ಲ.

ಬಿಲ್ ಹಾಕುವಾಗ ಫೋನ್ ನಂಬರಿಗೆ ಪಟ್ಟು ಹಿಡಿಯುವುದನ್ನು ಬಿಡಿಸು. ನಂಬರು ಕೊಡದಿದ್ದರೆ ಬಿಲ್ ಇಲ್ಲ ಅನ್ನಬಾರದೆಂದು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ತಿಳಿಸಿದೆ. ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ನಂಬರು ಹೇಳಲು ಹಿಂಜರಿಯುತ್ತಾರೆ, ಅದು ನಿನಗೆ ತಿಳಿಯಬೇಕಿತ್ತು. ಬಯಸಿ ಕೊಟ್ಟವರಿಗೆ ಯುಗಾದಿಗೊಂದು, ದೀಪಾವಳಿಗೊಂದು ವಾಟ್ಸ್‌ಆ್ಯಪ್ ಮೆಸೇಜು ಸಾಕು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯದ ಜೊತೆ ಕುರ್ತಿಯ ಚಿತ್ರ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ನಾನೇ ಮಾಡಿದ್ದೇನೆ, ನಿನ್ನನ್ನಲ್ಲ, ಇನ್ನೊಬ್ಬರನ್ನು.

ಉದ್ರಿಯ ಬಗ್ಗೆ ಒಂದೇ ಮಾತು. ಕೊಡದೆ ಇರಲು ಆಗುವುದಿಲ್ಲ, ಆದರೆ ಸಣ್ಣದಾಗಿ, ವಾಯಿದೆ ಹೇಳಿ ಕೊಡು. ದೊಡ್ಡ ಬಾಕಿ ಉಳಿಸಿಕೊಂಡವನು ನಾಚಿಕೆಗೆ ನಿನ್ನ ಅಂಗಡಿಯ ರಸ್ತೆಯನ್ನೇ ಬಿಟ್ಟು ಪಕ್ಕದ ಓಣಿಯಲ್ಲಿ ಓಡಾಡುತ್ತಾನೆ; ದುಡ್ಡಿನ ಜೊತೆ ಆ ಮನೆಯೂ ಹೋಯಿತು. ಯುಪಿಐ ಬೋರ್ಡು ತೆಗೆಯಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬಹಳ ಜನ ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ನಿನಗೆ ಜಿಎಸ್‌ಟಿ ನಂಬರಿದೆ, ಹೆದರಿಕೆ ಯಾಕೆ? ಅದೇ ವರ್ಷ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ರೆಡಿಮೇಡ್ ಉಡುಪಿನ ಜಿಎಸ್‌ಟಿ ಶೇ 5 ಆಗಿದೆ. ಹಿಂದೆ 1,000 ದಾಟಿದರೆ ಶೇ 12 ಇತ್ತು. ಇಳಿದ ತೆರಿಗೆ ಗಿರಾಕಿಗೇ ಸೇರಬೇಕು, ಹಳೆಯ ಚೀಟಿಗಳು ಇನ್ನೂ ಅಂಟಿಕೊಂಡಿದ್ದರೆ ಕಿತ್ತುಹಾಕಿಸು.

ಕೊನೆಗೆ ಹುಡುಗರ ವಿಷಯ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡ. ಮಾರಿದ ಸೀರೆಗೆ ಇಷ್ಟು ಎಂದು ಕಮಿಷನ್ ಇಟ್ಟಿದ್ದೀಯ, ಡೆಡ್ ಸ್ಟಾಕ್ ಮಾರಿದರೆ ಡಬಲ್. ಅದರ ಫಲವಾಗಿ ಗಿರಾಕಿ ಕೇಳಿದ್ದನ್ನು ಬಿಟ್ಟು ಡಬಲ್ ಬರುವುದನ್ನೇ ಅವರು ಮುಂದಿಡುತ್ತಿದ್ದಾರೆ. ಆ ಪದ್ಧತಿ ಬದಲಿಸು. ಸಂಬಳ ಸ್ವಲ್ಪ ಏರಿಸಿ, ‘ಆ ಹುಡುಗ ಇದ್ದಾನಾ’ ಎಂದು ಹೆಸರು ಹಿಡಿದು ಕೇಳಿಕೊಂಡು ಬರುವ ಗಿರಾಕಿಗಳ ಲೆಕ್ಕದಲ್ಲಿ ಹುಡುಗರಿಗೆ ಇನಾಮು ಕೊಡು. ಇನ್ನು, ಬೆಳಿಗ್ಗೆಯಿಂದ ರಾತ್ರಿ ಒಂಬತ್ತರವರೆಗೆ ರೆಡಿಮೇಡ್ ವಿಭಾಗದ ಹೆಣ್ಣುಮಕ್ಕಳು ನಿಂತೇ ಇರುತ್ತಾರೆ. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿದವು. ನಿನಗೆ ಕಾನೂನು ಯಾಕೆ ಬೇಕು, ನಾಳೆಯೇ ನಾಲ್ಕು ಸ್ಟೂಲು ತರಿಸು. ಕಾಲು ನೋಯುತ್ತಿರುವವರು ಯಾರ ಮುಂದೆಯೂ ನಗಲಾರರು.

ಇಷ್ಟು ಹೇಳಿ ನಿನ್ನನ್ನು ಒಂದು ಕೆಲಸ ಕೇಳುತ್ತೇನೆ. ರಾತ್ರಿ ಗಲ್ಲಾ ಎಣಿಸಿದ ಮೇಲೆ ಒಂದು ಪುಸ್ತಕದಲ್ಲಿ ಮೂರು ಸಾಲು ಬರೆ. ಇಂದು ಏನೂ ಕೊಳ್ಳದೆ ಹೋದವರು ಎಷ್ಟು, ಏನು ಸಿಗದೆ ಹೋದರು. ವಾಪಸ್ ಬಂದ ಮಾಲು ಎಷ್ಟು, ಏನು ಕೊಟ್ಟು ಕಳಿಸಿದೆ. ಹಿಂದೆ ಬಂದಿದ್ದವರೇ ಮತ್ತೆ ಬಂದದ್ದು ಎಷ್ಟು. ಹುಡುಗರ ಕೈಲಿ ಬರೆಸಬೇಡ, ನೀನೇ ಬರೆ. ಆರು ತಿಂಗಳಾದ ಮೇಲೆ ಆ ಪುಸ್ತಕ ತೆಗೆದುಕೊಂಡು ಮನೆಗೆ ಬಾ. ಮೂರನೆಯ ಸಾಲು ಏರುತ್ತಾ ಹೋಗಿದ್ದರೆ ಪಿ.ಬಿ. ರಸ್ತೆಯ ನಿನ್ನ ಹೋರ್ಡಿಂಗಿಗೆ ದುಡ್ಡು ನಾನೇ ಹಾಕುತ್ತೇನೆ.